ಹಲ್ಲಿನ ಬೇರಿನ ತುದಿಯ ಸೋಂಕು: ರೂಟ್ ಕೆನಾಲ್, ಮರುಚಿಕಿತ್ಸೆ, ಸರ್ಜರಿ, ಕೀಳಿಸುವುದು – ಯಾವಾಗ ಯಾವುದು?

ಎಕ್ಸ್‌ರೇಯಲ್ಲಿ ಬೇರಿನ ತುದಿಗೆ ಕಪ್ಪು ನೆರಳು ಕಂಡಿತು ಎಂದ ಮೇಲೆ ಮುಂದಿರುವ ದಾರಿಗಳು ಐದು. ಬೇರಿನೊಳಗಿನ ನಾಳ ಶುಚಿಮಾಡಿ ಮುಚ್ಚುವ ರೂಟ್ ಕೆನಾಲ್ ಮಾಡಿಸುವುದು. ಹಿಂದೆಯೇ ಮಾಡಿಸಿದ್ದರೆ ಅದನ್ನು ಬಿಚ್ಚಿ ಮತ್ತೆ ಮಾಡಿಸುವುದು. ವಸಡು ತೆರೆದು ಬೇರಿನ ತುದಿ ಕತ್ತರಿಸುವ ಸರ್ಜರಿ. ಹಲ್ಲು ಕೀಳಿಸಿ ಇಂಪ್ಲಾಂಟ್ ಅಥವಾ ಬ್ರಿಜ್ ಕೂರಿಸುವುದು. ಇಲ್ಲವೇ ಕಾದು ನೋಡುವುದು. ಇವುಗಳಲ್ಲಿ ಯಾವುದು ಶ್ರೇಷ್ಠ ಎಂದು ಕೇಳಿದರೆ ನೇರ ಉತ್ತರ ಸಿಗದು. ಬ್ಯಾಕ್ಟೀರಿಯಾ ಈಗ ಎಲ್ಲಿ ಕೂತಿದೆ, ಹಲ್ಲಿನ ಮೇಲ್ಭಾಗದಿಂದ ಅಲ್ಲಿಗೆ ತಲುಪಲು ದಾರಿ ಉಂಟೇ ಎಂದು ಕೇಳಿದರೆ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ. ದಾರಿ ತೆರೆದಿದ್ದರೆ, ಮೇಲೆ ಕ್ಯಾಪ್ ನಿಲ್ಲುವಷ್ಟು ಗಟ್ಟಿ ಹಲ್ಲು ಉಳಿದಿದ್ದರೆ, ಕೊಯ್ಯದೆ ಮಾಡುವ ಚಿಕಿತ್ಸೆಯೇ ಮೊದಲ ಆಯ್ಕೆ. ಉಳಿದವು ಆ ದಾರಿ ಮುಚ್ಚಿದಾಗ ಬರುವ ಮಾತು.

ಸೋಂಕಿನ ಬುಡ ಬೇರಿನೊಳಗಿದೆ

ಆಳವಾದ ಹುಳುಕು, ಬಿರುಕು, ಪೆಟ್ಟು, ಸೋರುವ ಹಳೆಯ ಫಿಲ್ಲಿಂಗ್ – ಯಾವುದರಿಂದಲೇ ಆಗಲಿ, ಹಲ್ಲಿನ ಒಳಗಿನ ತಿರುಳು ಸತ್ತ ಮೇಲೆ ಅಲ್ಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ರಕ್ತ ಹರಿಯದ ಜಾಗಕ್ಕೆ ದೇಹದ ರಕ್ಷಣಾ ಕಣಗಳೂ ಹೋಗಲಾರವು, ನುಂಗಿದ ಮಾತ್ರೆಯೂ ತಲುಪದು. ಬ್ಯಾಕ್ಟೀರಿಯಾ ಬೇರಿನ ನಾಳದ ಗೋಡೆಗೆ ಲೋಳೆಯ ಪದರವಾಗಿ ಅಂಟಿಕೊಂಡು ಬೆಳೆಯುತ್ತದೆ. ಅದರ ವಿಷ ತುದಿಯ ಸಣ್ಣ ರಂಧ್ರದಿಂದ ಹೊರಗೆ ಜಿನುಗಿದಾಗ ಸುತ್ತಲಿನ ಮೂಳೆ ಕರಗಿ, ಆ ಜಾಗವನ್ನು ಉರಿಯೂತದ ಮೃದು ಅಂಗಾಂಶ ತುಂಬಿಕೊಳ್ಳುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಕಪ್ಪು ಇದೇ. ಸೋಂಕು ಇನ್ನಷ್ಟು ಒಳಕ್ಕೆ ಬರದಂತೆ ದೇಹ ಕಟ್ಟಿಕೊಂಡ ತಡೆ ಅದು.

ಇದಕ್ಕೆ ಕಾರಣ ಬ್ಯಾಕ್ಟೀರಿಯಾವೇ ಎಂಬುದಕ್ಕೆ ಅತ್ಯಂತ ಸ್ಪಷ್ಟವಾದ ಸಾಕ್ಷಿ 1965ರ ಒಂದು ಪ್ರಯೋಗ. ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜ್‌ಜೆರಾಲ್ಡ್ ಎಂಬ ಸಂಶೋಧಕರು ಇಲಿಗಳ ಹಲ್ಲಿಗೆ ರಂಧ್ರ ಕೊರೆದು ತಿರುಳನ್ನು ಬಾಯಿಗೆ ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಸತ್ತು ಕೀವಾಯಿತು. ಹುಟ್ಟಿನಿಂದಲೇ ಸೂಕ್ಷ್ಮಾಣುರಹಿತವಾಗಿ ಬೆಳೆಸಿದ ಇಲಿಗಳಲ್ಲಿ ರಂಧ್ರದೊಳಗೆ ಆಹಾರ ತುಂಬಿಕೊಂಡರೂ ತಿರುಳು ಸಾಯಲಿಲ್ಲ. ಗಾಯದ ಮೇಲೆ ಹೊಸ ಗಟ್ಟಿ ಪದರ ಕಟ್ಟಿಕೊಂಡಿತು. ನಾಳ ಶುಚಿಯಾದರೆ ಮೂಳೆ ತಾನೇ ಮರಳಿ ತುಂಬುತ್ತದೆ ಎಂಬ ಧೈರ್ಯ ದಂತವೈದ್ಯರಿಗೆ ಇರುವುದು ಇಂಥ ಆಧಾರದ ಮೇಲೆ.

ಹಾಗಾಗಿ ಆಂಟಿಬಯೋಟಿಕ್ ಇಲ್ಲಿ ಒಂದು ಆಯ್ಕೆಯೇ ಅಲ್ಲ. ಮಾತ್ರೆ ತಿಂದಾಗ ಬಾವು ಇಳಿಯಬಹುದು, ನೋವು ತಗ್ಗಬಹುದು. ನಾಳದೊಳಗಿನ ಮೂಲ ಹಾಗೇ ಇರುತ್ತದೆ, ವಾರವೋ ತಿಂಗಳೋ ಕಳೆದು ಮತ್ತೆ ಏಳುತ್ತದೆ. ರೋಗನಿರೋಧಕ ಶಕ್ತಿ ಸರಿಯಿರುವ ವಯಸ್ಕರಿಗೆ, ಹಲ್ಲಿನ ಚಿಕಿತ್ಸೆ ಕೂಡಲೇ ಸಿಗುವಂತಿದ್ದರೆ, ಬರೀ ಹಲ್ಲುನೋವಿಗಾಗಲಿ ಒಂದೆಡೆ ನಿಂತ ಕೀವಿಗಾಗಲಿ ಆಂಟಿಬಯೋಟಿಕ್ ಬೇಡ ಎಂದು ಅಮೆರಿಕದ ದಂತವೈದ್ಯ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿದೆ. ಜ್ವರ, ಸುಸ್ತು, ಹರಡುವ ಬಾವು ಇದ್ದಾಗ ಬೇಕು. ಆಗಲೂ ಹಲ್ಲಿನ ಚಿಕಿತ್ಸೆಯ ಜೊತೆಗೆ ಬೇಕು, ಅದರ ಬದಲಿಗಲ್ಲ.

ಆಯ್ಕೆಗೆ ಮುಂಚೆ: ಇದು ನಿಜಕ್ಕೂ ಹಲ್ಲಿನ ಸೋಂಕೇ?

ತಪ್ಪು ಹಲ್ಲಿಗೆ ಅಥವಾ ಬೇಡದ ಹಲ್ಲಿಗೆ ರೂಟ್ ಕೆನಾಲ್ ಆಗುವುದು ಈ ಹಂತದಲ್ಲಿ ಅವಸರ ಮಾಡಿದಾಗ. ಒಂದೇ ಒಂದು ಎಕ್ಸ್‌ರೇ ನೋಡಿ ತೀರ್ಮಾನಿಸಲಾಗದು. ಕನಿಷ್ಠ ಈ ಪರೀಕ್ಷೆಗಳು ನಡೆದಿರಬೇಕು: ಹಲ್ಲಿಗೆ ಚಳಿ ತಾಗಿಸಿ ನೋಡುವುದು, ಅದೂ ಅಕ್ಕಪಕ್ಕದ ಆರೋಗ್ಯವಂತ ಹಲ್ಲುಗಳಿಗೆ ತಾಗಿಸಿ ಹೋಲಿಸಿದ ಮೇಲೆ, ಮೆಲ್ಲಗೆ ತಟ್ಟಿ ನೋಡುವುದು, ಬೇರಿನ ಮೇಲಿನ ವಸಡನ್ನು ಒತ್ತಿ ನೋಡುವುದು, ಹಲ್ಲಿನ ಸುತ್ತ ವಸಡಿನ ಆಳ ಅಳೆಯುವುದು, ಬೇರೆ ಬೇರೆ ಕೋನದಿಂದ ತೆಗೆದ ಎರಡು ಎಕ್ಸ್‌ರೇ.

ಚಳಿ ಪರೀಕ್ಷೆಯನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ತಿರುಳು ಸತ್ತ ಹಲ್ಲಿಗೆ ಚಳಿ ತಿಳಿಯದು. ಕೆಳದವಡೆಯ ಮುಂದಿನ ಹಲ್ಲುಗಳ ಬೇರಿನ ತುದಿಯಲ್ಲಿ ಸೋಂಕಿಲ್ಲದೆಯೇ ಮೂಳೆ ತನ್ನ ರಚನೆ ಬದಲಿಸಿಕೊಳ್ಳುವ ಒಂದು ಸ್ಥಿತಿಯಿದೆ. ಅದರ ಆರಂಭದ ಹಂತ ಎಕ್ಸ್‌ರೇಯಲ್ಲಿ ಸೋಂಕಿನಂತೆಯೇ ಕಪ್ಪಗೆ ಕಾಣುತ್ತದೆ. ಹಲ್ಲುಗಳು ಮಾತ್ರ ಚಳಿಗೆ ಸರಿಯಾಗಿ ಸ್ಪಂದಿಸುತ್ತವೆ. ಅದಕ್ಕೆ ಚಿಕಿತ್ಸೆಯೇ ಬೇಡ. ಕೆಳಗಿನ ಸಣ್ಣ ದವಡೆಹಲ್ಲುಗಳ ಬಳಿ ನರ ಹೊರಬರುವ ಸಹಜ ರಂಧ್ರ, ಮೇಲಿನ ಮುಂಹಲ್ಲುಗಳ ನಡುವಿನ ಸಹಜ ನಾಳ – ಇವೂ ಬೇರಿನ ತುದಿಯ ಮೇಲೆ ಬಿದ್ದ ನೆರಳಿನಂತೆ ತೋರುತ್ತವೆ. ಕೋನ ಬದಲಿಸಿ ಎಕ್ಸ್‌ರೇ ತೆಗೆದರೆ ಆ ನೆರಳು ಬೇರಿನಿಂದ ಸರಿಯುತ್ತದೆ. ಸೋಂಕಿನ ನೆರಳು ಬೇರಿಗೆ ಅಂಟಿಕೊಂಡೇ ಇರುತ್ತದೆ.

ತಿರುಗುಮುರುಗಾಗುವುದೂ ಉಂಟು. ಸೋಂಕು ಮೂಳೆಯ ಒಳಗಿನ ಸ್ಪಂಜಿನಂಥ ಭಾಗದಲ್ಲಷ್ಟೇ ಇದ್ದು, ಹೊರಗಿನ ಗಟ್ಟಿ ಪದರವನ್ನು ಇನ್ನೂ ಮುಟ್ಟಿರದಿದ್ದರೆ ಸಾಮಾನ್ಯ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಇಂಥಲ್ಲಿ ನೆರವಾಗುತ್ತದೆ. ಹಿಂದೆ ಚಿಕಿತ್ಸೆಯಾಗಿ ಸೋತ ಹಲ್ಲು, ಸರ್ಜರಿಯ ಯೋಜನೆ, ತಪ್ಪಿಹೋದ ನಾಳದ ಅನುಮಾನ – ಈ ಸಂದರ್ಭಗಳಲ್ಲಿ ಸ್ಕ್ಯಾನ್ ಕೇಳುವುದು ನ್ಯಾಯ. ಮೊದಲ ಬಾರಿಯ ಸರಳ ಹಲ್ಲಿಗೆಲ್ಲ ಅದು ಬೇಕಿಲ್ಲ.

ವಸಡಿನ ಮೇಲೆ ಕೀವು ಬರುವ ಸಣ್ಣ ಗುಳ್ಳೆ ಇದ್ದರೆ ಅದರ ರಂಧ್ರದೊಳಗೆ ತೆಳುವಾದ ಗಟಾ ಪರ್ಚಾ (ನಾಳ ತುಂಬಲು ಬಳಸುವ ರಬ್ಬರಿನಂಥ ವಸ್ತು) ಕಡ್ಡಿ ತೂರಿಸಿ ಎಕ್ಸ್‌ರೇ ತೆಗೆಯುತ್ತಾರೆ; ಕಡ್ಡಿಯ ತುದಿ ಮೂಲ ಹಲ್ಲಿನ ಕಡೆಗೆ ಕೈ ತೋರಿಸುತ್ತದೆ. ಗುಳ್ಳೆ ಒಂದು ಹಲ್ಲಿನ ಮೇಲಿದ್ದು ಸೋಂಕು ಪಕ್ಕದ ಹಲ್ಲಿನದ್ದಾಗಿರುವುದು ಅಪರೂಪವಲ್ಲ.

ಕಟ್ಟಕಡೆಯದಾಗಿ ವಸಡಿನ ಆಳ. ಹಲ್ಲಿನ ಸುತ್ತ ಎಲ್ಲೆಡೆ ಆಳ ಸರಿಯಿದ್ದು, ಒಂದೇ ಒಂದು ಕಡೆ ಮಾತ್ರ ಕಿರಿದಾಗಿ ಬೇರಿನುದ್ದಕ್ಕೂ ಇಳಿದರೆ ಬೇರು ಉದ್ದುದ್ದ ಸೀಳಿರುವ ಅನುಮಾನ ಬಲವಾಗುತ್ತದೆ, ಅದರಲ್ಲೂ ಹಿಂದೆ ರೂಟ್ ಕೆನಾಲ್ ಆಗಿರುವ ಹಲ್ಲಿನಲ್ಲಿ. ಆ ಸೀಳು ದೃಢಪಟ್ಟರೆ ಬೇರನ್ನು ಯಾವ ಚಿಕಿತ್ಸೆಯೂ ಉಳಿಸದು. ಚಿಕಿತ್ಸೆಗೆ ದುಡ್ಡು, ಸಮಯ ಸುರಿಯುವ ಮೊದಲು ಇದನ್ನು ನೋಡಿದ್ದಾರೆಯೇ ಎಂದು ಧಾರಾಳವಾಗಿ ಕೇಳಿ.

ಇನ್ನೊಂದು ಮಾತು ಕಿವಿಗೆ ಬೀಳಬಹುದು: “ದೊಡ್ಡ ಗಡ್ಡೆ ಇದೆ, ಇದು ಸಿಸ್ಟ್, ಸರ್ಜರಿಯೇ ಬೇಕು.” ಎಕ್ಸ್‌ರೇ ಒಂದರಿಂದಲೇ ಸಿಸ್ಟ್ (ದ್ರವ ತುಂಬಿದ ಚೀಲ) ಯಾವುದು, ಗ್ರ್ಯಾನ್ಯುಲೋಮ (ಉರಿಯೂತದ ಅಂಗಾಂಶದ ಗಡ್ಡೆ) ಯಾವುದು ಎಂದು ಖಚಿತವಾಗಿ ಹೇಳಲಾಗದು, ತೆಗೆದು ಸೂಕ್ಷ್ಮದರ್ಶಕದಡಿ ನೋಡಿದಾಗಲೇ ಗೊತ್ತಾಗುವುದು. ಸಿಸ್ಟ್‌ಗಳಲ್ಲೂ ನಾಳದ ಕಡೆಗೆ ಬಾಯಿ ತೆರೆದಿರುವ ಬಗೆ ನಾಳ ಶುಚಿಯಾದ ಮೇಲೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ. ನಾಳದ ಸಂಪರ್ಕವೇ ಇಲ್ಲದೆ ಸ್ವತಂತ್ರವಾಗಿ ಬೆಳೆದ ಬಗೆ ಮಾತ್ರ ಹಟ ಹಿಡಿಯುತ್ತದೆ, ಬೇರಿನ ತುದಿಯ ಒಟ್ಟು ಸೋಂಕುಗಳಲ್ಲಿ ಅಂಥವು ಕಡಿಮೆ. ಆದ್ದರಿಂದ ನೆರಳು ದೊಡ್ಡದಿದೆ ಎಂಬ ಒಂದೇ ಕಾರಣಕ್ಕೆ ಮೊದಲೇ ಸರ್ಜರಿಗೆ ಹೋಗುವುದು ಸರಿಯಲ್ಲ. ದೊಡ್ಡ ಸೋಂಕು ವಾಸಿಯಾಗಲು ಹೆಚ್ಚು ಕಾಲ ಹಿಡಿಯುತ್ತದೆ, ಗೆಲುವಿನ ಪ್ರಮಾಣವೂ ತುಸು ತಗ್ಗುತ್ತದೆ ಎಂಬುದು ನಿಜ.

ಮೊದಲ ಬಾರಿಯ ರೂಟ್ ಕೆನಾಲ್: ಒಳಗೆ ಏನು ನಡೆಯಬೇಕು

ಒಳ್ಳೆಯ ಚಿಕಿತ್ಸೆಗೂ ಕೆಟ್ಟ ಚಿಕಿತ್ಸೆಗೂ ಇರುವ ಅಂತರವೇ ಒಂದು ಆಯ್ಕೆಗೂ ಇನ್ನೊಂದಕ್ಕೂ ಇರುವ ಅಂತರಕ್ಕಿಂತ ದೊಡ್ಡದು. ಹಾಗಾಗಿ ಈ ಭಾಗವನ್ನು ವಿವರವಾಗಿಯೇ ಹೇಳಬೇಕು.

ಅರಿವಳಿಕೆ ಕೊಟ್ಟ ಮೇಲೆ ಹುಳುಕು ಮತ್ತು ಸೋರುವ ಹಳೆಯ ಫಿಲ್ಲಿಂಗ್ ಪೂರ್ತಿ ತೆಗೆಯುತ್ತಾರೆ. ಹಲ್ಲು ಉಳಿಸುವಂತಿದೆಯೇ ಎಂಬುದು ನಿಜವಾಗಿ ತಿಳಿಯುವುದು ಈಗ. ಮುಂದೆ ಕ್ಯಾಪ್ ಹಿಡಿದುಕೊಳ್ಳಲು ವಸಡಿನ ಮೇಲೆ ಸುತ್ತಲೂ ಸುಮಾರು 2 ಮಿಲಿಮೀಟರ್ ಗಟ್ಟಿ ಹಲ್ಲು ಉಳಿಯಬೇಕು. ಉಳಿಯದಿದ್ದರೆ ನಾಳ ಎಷ್ಟೇ ಚೆನ್ನಾಗಿ ಶುಚಿಯಾದರೂ ಹಲ್ಲು ಮುರಿಯುತ್ತದೆ.

ಆಮೇಲೆ ರಬ್ಬರ್ ಡ್ಯಾಮ್: ತೆಳುವಾದ ರಬ್ಬರ್ ಹಾಳೆಯ ರಂಧ್ರದಿಂದ ಈ ಹಲ್ಲೊಂದೇ ಹೊರಗೆ ಕಾಣುವಂತೆ ಕ್ಲಿಪ್ ಹಾಕುತ್ತಾರೆ. ಎಂಜಲಿನ ಬ್ಯಾಕ್ಟೀರಿಯಾ ನಾಳಕ್ಕೆ ಇಳಿಯದಂತೆ, ಫೈಲ್ (ನಾಳ ಉಜ್ಜುವ ಸೂಜಿಯಂಥ ಸಾಧನ) ಅಥವಾ ಔಷಧ ಗಂಟಲಿಗೆ ಜಾರದಂತೆ ತಡೆಯುವುದು ಇದೇ. ಸೋಂಕು ತೆಗೆಯಲು ಹೊರಟ ಚಿಕಿತ್ಸೆಯನ್ನು ಎಂಜಲಲ್ಲಿ ತೊಯ್ಯುತ್ತ ಮಾಡುವುದಕ್ಕೆ ಅರ್ಥವಿಲ್ಲ. ಡ್ಯಾಮ್ ಬಳಸುತ್ತಾರೆಯೇ ಎಂಬ ಒಂದೇ ಪ್ರಶ್ನೆ ಚಿಕಿತ್ಸೆಯ ಗುಣಮಟ್ಟದ ಬಗ್ಗೆ ಬಹಳಷ್ಟು ತಿಳಿಸುತ್ತದೆ.

ಹಲ್ಲಿನ ಮೇಲ್ಭಾಗದಿಂದ ರಂಧ್ರ ಮಾಡಿ ಎಲ್ಲ ನಾಳಗಳ ಬಾಯಿ ಹುಡುಕುವುದು ಮುಂದಿನ ಕೆಲಸ. ಹುಡುಕದೆ ಬಿಟ್ಟ ನಾಳ ಸೋಲಿನ ಪದೇಪದೇ ಕಾಣುವ ಕಾರಣಗಳಲ್ಲೊಂದು. ಮೇಲಿನ ಮೊದಲ ದೊಡ್ಡ ದವಡೆಹಲ್ಲಿಗೆ ಮೂರು ಬೇರು, ಆದರೆ ಕೆನ್ನೆಯ ಕಡೆಯ ಮುಂದಿನ ಬೇರಿನಲ್ಲಿ ಬಹುಪಾಲು ಎರಡು ನಾಳಗಳಿರುತ್ತವೆ. ಎರಡನೆಯದು ಕಿರಿದು, ಕ್ಯಾಲ್ಸಿಯಂ ಪದರದಡಿ ಅಡಗಿರುತ್ತದೆ. ಕೆಳಗಿನ ಮುಂಹಲ್ಲಿನಲ್ಲೂ ನಾಲಿಗೆಯ ಕಡೆ ಎರಡನೆಯ ನಾಳ ತಪ್ಪಿಹೋಗುವುದುಂಟು. ಸೂಕ್ಷ್ಮದರ್ಶಕ ಇದ್ದರೆ ಹುಡುಕಾಟ ಸುಲಭ.

ನಾಳ ಸಿಕ್ಕ ಮೇಲೆ ತುದಿಯಲ್ಲಿ 0.10 ಮಿಲಿಮೀಟರ್ ದಪ್ಪವಿರುವ 10ನೇ ನಂಬರಿನ ಫೈಲಿನಿಂದ ದಾರಿ ಮಾಡಿಕೊಂಡು ಏಪೆಕ್ಸ್ ಲೊಕೇಟರ್ ಎಂಬ ಎಲೆಕ್ಟ್ರಾನಿಕ್ ಸಾಧನದಿಂದ ಉದ್ದ ಅಳೆಯುತ್ತಾರೆ, ಎಕ್ಸ್‌ರೇಯಲ್ಲಿ ತಾಳೆ ನೋಡುತ್ತಾರೆ. ಕೆಲಸ ನಿಲ್ಲಬೇಕಾದದ್ದು ಎಕ್ಸ್‌ರೇಯಲ್ಲಿ ಕಾಣುವ ತುದಿಗಿಂತ ಸುಮಾರು 0.5ರಿಂದ 1 ಮಿಲಿಮೀಟರ್ ಒಳಗೆ. ಸೋಂಕಿರುವ ಹಲ್ಲಿನಲ್ಲಿ ಇದಕ್ಕಿಂತ ಬಹಳ ಮೇಲೆ ನಿಂತರೆ ಬ್ಯಾಕ್ಟೀರಿಯಾ ದಟ್ಟವಾಗಿರುವ ಕೊನೆಯ ಭಾಗವೇ ಉಳಿಯುತ್ತದೆ. ದಾಟಿ ಹೋದರೆ ಕಸ ಮೂಳೆಯೊಳಕ್ಕೆ ತಳ್ಳಲ್ಪಟ್ಟು ಮರುದಿನದ ನೋವಿಗೆ ದಾರಿಯಾಗುತ್ತದೆ.

ನಿಕಲ್ ಟೈಟಾನಿಯಂ ಫೈಲುಗಳು ನಾಳವನ್ನು ಅಗಲ ಮಾಡುತ್ತವೆ, ಅಷ್ಟೇ. ನಾಳದ ಗೋಡೆಯ ಗಣನೀಯ ಭಾಗವನ್ನು ಯಾವ ಫೈಲೂ ಮುಟ್ಟುವುದಿಲ್ಲ, ಏಕೆಂದರೆ ನಾಳ ದುಂಡಗಿಲ್ಲ. ಅದಕ್ಕೆ ಚಪ್ಪಟೆ ಮೂಲೆಗಳಿವೆ, ಕವಲುಗಳಿವೆ, ಎರಡು ನಾಳಗಳನ್ನು ಕೂಡಿಸುವ ಸೀಳುಗಳಿವೆ. ಅಲ್ಲಿಗೆ ಹೋಗುವುದು ದ್ರಾವಣ. ಸೋಡಿಯಂ ಹೈಪೋಕ್ಲೋರೈಟನ್ನು 0.5ರಿಂದ 5.25 ಶೇಕಡಾ ಸಾಂದ್ರತೆಯಲ್ಲಿ, ಪ್ರತಿ ಫೈಲ್ ಬದಲಿಸಿದಾಗಲೂ ಹೊಸದಾಗಿ ಹರಿಸಬೇಕು. ಸತ್ತ ಅಂಗಾಂಶ ಕರಗಿಸುವ ಶಕ್ತಿ ಸಾಮಾನ್ಯ ಬಳಕೆಯ ದ್ರಾವಣಗಳಲ್ಲಿ ಇದಕ್ಕೆ ಮಾತ್ರ ಇದೆ. ಕೊನೆಯಲ್ಲಿ ಶೇ. 17ರ ಇಡಿಟಿಎ ಎಂಬ ಇನ್ನೊಂದು ದ್ರಾವಣವನ್ನು ಸುಮಾರು ಒಂದು ನಿಮಿಷ ಹರಿಸಿದರೆ ಫೈಲ್ ಉಜ್ಜಿದಾಗ ಗೋಡೆಗೆ ಮೆತ್ತಿದ ಪುಡಿಯ ಪದರ ಹೋಗುತ್ತದೆ. ಅಲ್ಟ್ರಾಸಾನಿಕ್ ತುದಿಯಿಂದ ದ್ರಾವಣವನ್ನು ಕಲಕಿದರೆ ಮೂಲೆಗಳಿಗೆ ಇನ್ನೂ ಚೆನ್ನಾಗಿ ಹೋಗುತ್ತದೆ. ಹೈಪೋಕ್ಲೋರೈಟಿನ ಮೇಲೆ ನೇರವಾಗಿ ಕ್ಲೋರ್‌ಹೆಕ್ಸಿಡಿನ್ ಎಂಬ ಸೂಕ್ಷ್ಮಾಣುನಾಶಕ ಹಾಕಿದರೆ ಕಂದು ಬಣ್ಣದ ಗಸಿ ಕಟ್ಟಿ ಸಣ್ಣ ಕವಲುಗಳ ಬಾಯಿ ಮುಚ್ಚುತ್ತದೆ; ನಡುವೆ ತೊಳೆಯದೆ ಎರಡನ್ನೂ ಬಳಸಬಾರದು.

ಹೈಪೋಕ್ಲೋರೈಟ್ ಬೇರಿನ ತುದಿ ದಾಟಿ ಹೊರಗೆ ಹೋದರೆ ಆ ಕ್ಷಣವೇ ತಡೆಯಲಾರದ ನೋವು, ನಿಮಿಷಗಳಲ್ಲಿ ಮುಖದ ಬಾವು, ಆಮೇಲೆ ನೀಲಿಗಟ್ಟುವಿಕೆ. ಸೂಜಿ ನಾಳದಲ್ಲಿ ಬಿಗಿಯಾಗಿ ಸಿಕ್ಕಿಕೊಂಡಾಗ, ಒತ್ತಿ ತಳ್ಳಿದಾಗ ಹೀಗಾಗುತ್ತದೆ. ಪಕ್ಕದಲ್ಲಿ ಬಾಯಿ ಇರುವ 30 ಗೇಜಿನ ಸೂಜಿಯನ್ನು ಅಳೆದ ಉದ್ದಕ್ಕಿಂತ ಸುಮಾರು 2 ಮಿಲಿಮೀಟರ್ ಮೇಲೆ ಸಡಿಲವಾಗಿ ಆಡಿಸುತ್ತ ಮೆಲ್ಲಗೆ ಹರಿಸುವುದು ಇದನ್ನು ತಪ್ಪಿಸುವ ಕ್ರಮ. ಚಿಕಿತ್ಸೆಯ ನಡುವೆ ಉರಿಯೋ ತೀಕ್ಷ್ಣ ನೋವೋ ಆದರೆ ಸಹಿಸಿಕೊಂಡು ಕೂರದೆ ಕೂಡಲೇ ಕೈ ಎತ್ತಿ.

ಒಂದೇ ಭೇಟಿಯಲ್ಲಿ ಮುಗಿಸಬೇಕೇ, ಎರಡು ಮೂರು ಬೇಕೇ? ವಾಸಿಯಾಗುವ ಪ್ರಮಾಣದಲ್ಲಿ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಅಧ್ಯಯನಗಳಲ್ಲಿ ಕಂಡಿಲ್ಲ. ಒಂದೇ ಭೇಟಿಯಲ್ಲಿ ಮುಗಿಸಿದವರಿಗೆ ಮೊದಲ ವಾರದ ನೋವು ತುಸು ಹೆಚ್ಚು. ನಮ್ಮ ನಿಲುವು ಹೀಗೆ: ನಾಳ ಒಣಗಿದರೆ, ಸಮಯ ಸಾಕಷ್ಟಿದ್ದರೆ ಒಂದೇ ಭೇಟಿ ಸರಿ. ಕೀವು ಸುರಿಯುತ್ತಲೇ ಇದ್ದರೆ, ಬಾವು ಇದ್ದರೆ, ನಾಳ ಹುಡುಕುವುದಕ್ಕೇ ಸಮಯವೆಲ್ಲ ಹೋಗಿದ್ದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿ ಒಂದರಿಂದ ನಾಲ್ಕು ವಾರ ಬಿಡುವುದು ಒಳಿತು. ಅದರ ಪಿಎಚ್ ಸುಮಾರು 12.5, ಆ ಕ್ಷಾರದಲ್ಲಿ ಹೆಚ್ಚಿನ ಬ್ಯಾಕ್ಟೀರಿಯಾ ಬದುಕದು. ಮಧ್ಯಕಾಲದ ತಾತ್ಕಾಲಿಕ ಸಿಮೆಂಟ್ 3–4 ಮಿಲಿಮೀಟರ್ ದಪ್ಪವಾದರೂ ಇರಬೇಕು. ಅದು ಉದುರಿದರೆ ಮುಂದಿನ ಅಪಾಯಿಂಟ್‌ಮೆಂಟಿನವರೆಗೆ ಕಾಯಬೇಡಿ, ಅದೇ ದಿನ ಫೋನ್ ಮಾಡಿ. ತೆರೆದುಕೊಂಡ ಹಲ್ಲಿಗೆ ಎಂಜಲು ಇಳಿದರೆ ಅಲ್ಲಿಯವರೆಗಿನ ಶುಚಿ ಕೆಲಸ ವ್ಯರ್ಥ.

ಕೊನೆಗೆ ಗಟಾ ಪರ್ಚಾ ಮತ್ತು ಸಂದು ಮುಚ್ಚುವ ಸೀಲರ್‌ನಿಂದ ನಾಳ ಮುಚ್ಚಿ, ಮೇಲೆ ಗಟ್ಟಿ ಫಿಲ್ಲಿಂಗ್, ದವಡೆಹಲ್ಲಾದರೆ ಕ್ಯಾಪ್. ನೋವು ಹೋಯಿತೆಂದು ಕ್ಯಾಪ್ ಮುಂದೂಡುವವರು ಬಹಳ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ರೂಟ್ ಕೆನಾಲ್ ಆಗಿ ಕ್ಯಾಪ್ ಹಾಕಿಸದ ಹಲ್ಲುಗಳು ಕ್ಯಾಪ್ ಹಾಕಿದವಕ್ಕಿಂತ ಆರು ಪಟ್ಟು ವೇಗದಲ್ಲಿ ಬಾಯಿಯಿಂದ ಹೋದವು.

ಸೋತ ರೂಟ್ ಕೆನಾಲ್: ಬಿಚ್ಚಿ ಮಾಡುವುದೇ, ಸರ್ಜರಿಯೇ?

ಹೆಚ್ಚು ಗೊಂದಲ ಇರುವುದು ಇಲ್ಲಿ. ಮೊದಲ ಚಿಕಿತ್ಸೆ ಏಕೆ ಸೋತಿತು ಎಂಬುದರ ಮೇಲೆ ತೀರ್ಮಾನ ನಿಲ್ಲಬೇಕು.

ಹಳೆಯ ಎಕ್ಸ್‌ರೇ ನೋಡಿ. ತುಂಬಿದ್ದು ತುದಿಗಿಂತ ಬಹಳ ಮೇಲೆ ನಿಂತಿದೆಯೇ? ಒಂದು ನಾಳ ಪೂರ್ತಿ ಬಿಟ್ಟುಹೋಗಿದೆಯೇ? ಕ್ಯಾಪಿನ ಅಂಚಿನಲ್ಲಿ ಹುಳುಕು ಬಂದು ಸೋರಿದೆಯೇ? ಇವೆಲ್ಲ ಮೇಲಿನಿಂದಲೇ ಸರಿಪಡಿಸಬಹುದಾದ ಕೊರತೆಗಳು. ಇಲ್ಲಿ ಮರುಚಿಕಿತ್ಸೆಯೇ ಸರಿ. ತುದಿಯನ್ನಷ್ಟೇ ಕತ್ತರಿಸಿ ಮುಚ್ಚಿದರೆ ನಾಳದ ಉಳಿದ ಉದ್ದವೆಲ್ಲ ಕೊಳಕಾಗಿಯೇ ಇರುತ್ತದೆ, ಮುಚ್ಚಳ ಸ್ವಲ್ಪ ಸಡಿಲವಾದರೂ ಸೋಂಕು ಮರಳುತ್ತದೆ.

ಮರುಚಿಕಿತ್ಸೆಯಲ್ಲಿ ಕ್ಯಾಪ್ ತೆಗೆದು ಅಥವಾ ಅದರ ಮೂಲಕವೇ ರಂಧ್ರ ಮಾಡಿ, ಕ್ಯಾಪಿಗೆ ಆಧಾರವಾಗಿ ನಾಳದೊಳಗೆ ಕೂರಿಸಿದ ಕಡ್ಡಿ, ಅಂದರೆ ಪೋಸ್ಟ್, ಇದ್ದರೆ ಅಲ್ಟ್ರಾಸಾನಿಕ್ ಕಂಪನದಿಂದ ಸಡಿಲಿಸಿ, ಹಳೆಯ ಗಟಾ ಪರ್ಚಾವನ್ನು ಫೈಲು ಮತ್ತು ಬೇಕಾದರೆ ಕರಗಿಸುವ ದ್ರಾವಕದಿಂದ ತೆಗೆಯುತ್ತಾರೆ. ಎಂಟೆರೊಕಾಕಸ್ ಫೀಕಾಲಿಸ್ ಎಂಬ ಗಟ್ಟಿಜೀವದ ಬ್ಯಾಕ್ಟೀರಿಯಾ ಸೋತ ಹಲ್ಲುಗಳಲ್ಲಿ ಮತ್ತೆ ಮತ್ತೆ ಸಿಗುತ್ತದೆ; ಆಹಾರ ಸಿಗದ ನಾಳದಲ್ಲೂ ಅದು ಬಹುಕಾಲ ಬದುಕಬಲ್ಲದು. ಹಾಗಾಗಿ ಇಲ್ಲಿ ತೊಳೆಯುವ ಕೆಲಸಕ್ಕೆ ಮೊದಲ ಸಲಕ್ಕಿಂತ ಹೆಚ್ಚು ಸಮಯ ಬೇಕು. ಅಪಾಯಗಳೂ ಇವೆ. ಉದ್ದ, ದಪ್ಪ ಪೋಸ್ಟ್ ತೆಗೆಯುವಾಗ ತೆಳುವಾದ ಬೇರು ಸೀಳಬಹುದು. ಹಿಂದಿನವರ ಫೈಲ್ ನಾಳದ ತಿರುವಿನಲ್ಲಿ ಗೋಡೆಯೊಳಗೆ ಮೆಟ್ಟಿಲು ಕೊರೆದಿದ್ದರೆ ಹೊಸ ಫೈಲೂ ಅಲ್ಲೇ ತಡವರಿಸಿ, ಒತ್ತಿದರೆ ಬೇರಿಗೆ ತೂತಾಗಬಹುದು.

ಮುರಿದುಳಿದ ಫೈಲ್ ತುಂಡು ಕಂಡಿತೆಂದು ಹಲ್ಲು ಹೋಯಿತು ಎಂದುಕೊಳ್ಳಬೇಡಿ. ಲೋಹದ ತುಂಡಿನಿಂದ ಸೋಂಕಾಗುವುದಿಲ್ಲ. ಅದರ ಕೆಳಗೆ ಶುಚಿಯಾಗದೆ ಉಳಿದ ನಾಳದಿಂದ ಆಗುತ್ತದೆ. ತೊಳೆಯುವ ಕೆಲಸ ಮುಗಿಯುವ ಹೊತ್ತಿಗೆ ಮುರಿದಿದ್ದರೆ ಹಾಗೇ ಬಿಟ್ಟು ನೋಡಬಹುದು. ಆರಂಭದಲ್ಲೇ ಮುರಿದು, ಬೇರಿನ ತುದಿಯಲ್ಲಿ ಸೋಂಕೂ ಇದ್ದರೆ ಪಕ್ಕದಿಂದ ದಾಟುವುದು, ತೆಗೆಯುವುದು, ಇಲ್ಲವೇ ಸರ್ಜರಿ.

ಸರ್ಜರಿಯ ಸರದಿ ಬರುವುದು ನಾಳದ ಕೆಲಸ ಚೆನ್ನಾಗಿಯೇ ಆಗಿದ್ದೂ ನೆರಳು ಬೆಳೆಯುತ್ತಿರುವಾಗ, ಪೋಸ್ಟ್ ಅಥವಾ ಮೆಟ್ಟಿಲು ದಾರಿ ಮುಚ್ಚಿರುವಾಗ, ಅಂಗಾಂಶವನ್ನು ತೆಗೆದು ಪರೀಕ್ಷೆಗೆ ಕಳಿಸಲೇಬೇಕಾದಾಗ. ಇಂದಿನ ಕ್ರಮದಲ್ಲಿ ಸೂಕ್ಷ್ಮದರ್ಶಕದಡಿ ವಸಡು ತೆರೆದು, ಮೂಳೆಯಲ್ಲಿ ಸಣ್ಣ ಕಿಂಡಿ ಮಾಡಿ, ಬೇರಿನ ಕೊನೆಯ 3 ಮಿಲಿಮೀಟರನ್ನು ಬಹುತೇಕ ನೇರವಾಗಿ ಕತ್ತರಿಸುತ್ತಾರೆ. ಆ 3 ಮಿಲಿಮೀಟರಿಗೆ ಕಾರಣವಿದೆ: ನಾಳ ತುದಿಯಲ್ಲಿ ಒಡೆಯುವ ಸಣ್ಣ ಕವಲುಗಳಲ್ಲಿ ಬಹುತೇಕ ಎಲ್ಲವೂ ಅಷ್ಟರೊಳಗೇ ಇರುತ್ತವೆ. ನಂತರ ಅಲ್ಟ್ರಾಸಾನಿಕ್ ತುದಿಯಿಂದ ಬೇರಿನೊಳಕ್ಕೆ ಇನ್ನೂ 3 ಮಿಲಿಮೀಟರ್ ಶುಚಿಗೊಳಿಸಿ ಎಂಟಿಎ ಅಥವಾ ಅದರ ಬಳಗದ ಬಯೋಸೆರಾಮಿಕ್ ಸಿಮೆಂಟ್ ತುಂಬಿ ಹೊಲಿಗೆ ಹಾಕುತ್ತಾರೆ. ಡ್ರಿಲ್‌ನಿಂದ ಓರೆಯಾಗಿ ಕತ್ತರಿಸಿ ಅಮಾಲ್ಗಮ್ ಎಂಬ ಪಾದರಸದ ಮಿಶ್ರಲೋಹ ತುಂಬುತ್ತಿದ್ದ ಹಳೆಯ ಪದ್ಧತಿಗೂ ಇದಕ್ಕೂ ಫಲಿತಾಂಶದಲ್ಲಿ ಅಜಗಜಾಂತರ. 2010ರ ಒಂದು ವಿಶ್ಲೇಷಣೆಯಲ್ಲಿ ಹಳೆಯ ಪದ್ಧತಿಯ ಗೆಲುವು ಶೇ. 59, ಸೂಕ್ಷ್ಮದರ್ಶಕದ ಪದ್ಧತಿಯದು ಶೇ. 94. ಆದ್ದರಿಂದ “ಸರ್ಜರಿ ಮಾಡುತ್ತೇವೆ” ಎಂದವರನ್ನು ಯಾವ ಪದ್ಧತಿ, ಏನು ತುಂಬುತ್ತೀರಿ ಎಂದು ಕೇಳುವುದು ಅಧಿಕಪ್ರಸಂಗವಲ್ಲ.

ಮುಂಹಲ್ಲುಗಳಿಗೆ ಈ ಸರ್ಜರಿ ಸುಲಭ. ಕೆಳಗಿನ ಎರಡನೆಯ ದೊಡ್ಡ ದವಡೆಹಲ್ಲಿಗೆ ಕಷ್ಟ: ಹೊರಗಿನ ಮೂಳೆ ದಪ್ಪ, ದವಡೆಯ ನರ ಹತ್ತಿರ, ನರಕ್ಕೆ ಪೆಟ್ಟಾದರೆ ತುಟಿ, ಗದ್ದ ಮರಗಟ್ಟಬಹುದು. ಅಂಥ ಹಲ್ಲಿಗೆ ಕೆಲವೊಮ್ಮೆ ಬೇರೆಯೇ ದಾರಿ ಹಿಡಿಯುತ್ತಾರೆ. ಹಲ್ಲನ್ನು ಹುಷಾರಾಗಿ ಕಿತ್ತು, ಬಾಯಿಯ ಹೊರಗೆ ತುದಿ ಕತ್ತರಿಸಿ ಮುಚ್ಚಿ, 10–15 ನಿಮಿಷದೊಳಗೆ ಅದೇ ಗುಳಿಯಲ್ಲಿ ಮರಳಿ ಕೂರಿಸುವುದು. ಕೀಳುವಾಗ ಮುರಿಯುವ ಅಪಾಯವಿದ್ದರೂ ಇನ್ನೇನೂ ದಾರಿಯಿಲ್ಲದ ಹಲ್ಲಿಗೆ ಇದು ಗಂಭೀರವಾಗಿ ಪರಿಗಣಿಸಬೇಕಾದ ಆಯ್ಕೆ.

ಮರುಚಿಕಿತ್ಸೆ, ಸರ್ಜರಿ ಎರಡರ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟ 2009ರ ವಿಮರ್ಶೆಯೊಂದು ಕುತೂಹಲಕರ ಚಿತ್ರ ಕೊಡುತ್ತದೆ. ಎರಡರಿಂದ ನಾಲ್ಕು ವರ್ಷದ ಹೊತ್ತಿಗೆ ಸರ್ಜರಿ ಮುಂದಿತ್ತು, ಶೇ. 77.8, ಮರುಚಿಕಿತ್ಸೆ ಶೇ. 70.9. ನಾಲ್ಕರಿಂದ ಆರು ವರ್ಷಕ್ಕೆ ಲೆಕ್ಕ ತಿರುಗಿತು: ಮರುಚಿಕಿತ್ಸೆ ಶೇ. 83.0, ಸರ್ಜರಿ ಶೇ. 71.8. ಸರ್ಜರಿಯಲ್ಲಿ ಸೋಂಕಿನ ಅಂಗಾಂಶವನ್ನು ಕೈಯಾರೆ ತೆಗೆಯುವುದರಿಂದ ಮೂಳೆ ಬೇಗ ತುಂಬುತ್ತದೆ. ಮರುಚಿಕಿತ್ಸೆಯಲ್ಲಿ ನಿಧಾನ, ಆದರೆ ಬುಡವೇ ಹೋಗಿರುವುದರಿಂದ ಬಾಳಿಕೆ ಹೆಚ್ಚು. ಆ ವಿಮರ್ಶೆ ಸೇರಿಸಿಕೊಂಡ ಸರ್ಜರಿಗಳಲ್ಲಿ ಹಳೆಯ ಪದ್ಧತಿಯವೂ ಇದ್ದವು ಎಂಬುದನ್ನು ಮಾತ್ರ ಮರೆಯಬಾರದು.

ಕೀಳಿಸುವುದು ಯಾವಾಗ ಸರಿ

ಬೇರು ಉದ್ದಕ್ಕೆ ಸೀಳಿದ್ದರೆ, ಬಿರುಕು ಹಲ್ಲಿನ ಒಳತಳವನ್ನು ದಾಟಿ ಹಾದಿದ್ದರೆ, ಹುಳುಕು ಮೂಳೆಯ ಮಟ್ಟಕ್ಕಿಂತ ಕೆಳಗೆ ಇಳಿದಿದ್ದರೆ, ವಸಡಿನ ರೋಗದಿಂದ ಹಲ್ಲು ಅಲುಗಾಡುವಷ್ಟು ಮೂಳೆ ಹೋಗಿದ್ದರೆ ಕೀಳಿಸುವುದೇ ಪ್ರಾಮಾಣಿಕ ಸಲಹೆ. ಇವ್ಯಾವುವೂ ಇಲ್ಲದೆ “ಇಂಪ್ಲಾಂಟ್ ಇನ್ನೂ ಖಾತ್ರಿ” ಎಂದು ಕೀಳಿಸುವುದು ಸರಿಯಲ್ಲ.

ಇಲ್ಲಿ ಅಂಕಿಗಳನ್ನು ಓದುವ ಬಗೆ ಮುಖ್ಯ. ಲಂಡನ್ನಿನ ಈಸ್ಟ್‌ಮನ್ ದಂತ ಸಂಸ್ಥೆಯ ತಂಡ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರಿನ ತುದಿ ಪೂರ್ತಿ ವಾಸಿಯಾದದ್ದು ಮೊದಲ ಚಿಕಿತ್ಸೆಯಲ್ಲಿ ಶೇ. 83, ಮರುಚಿಕಿತ್ಸೆಯಲ್ಲಿ ಶೇ. 80. ಅದೇ ಹಲ್ಲುಗಳು ನಾಲ್ಕು ವರ್ಷದ ನಂತರ ಬಾಯಿಯಲ್ಲಿ ಉಳಿದ ಪ್ರಮಾಣ ಎರಡರಲ್ಲೂ ಸುಮಾರು ಶೇ. 95. ಇಂಪ್ಲಾಂಟಿನ ಜಾಹೀರಾತಿನಲ್ಲಿ ಬರುವ ಅಂಕಿ ಸಾಮಾನ್ಯವಾಗಿ ಎರಡನೆಯ ಬಗೆಯದು, ಅಂದರೆ ಬಾಯಿಯಲ್ಲಿ ಉಳಿದ ಪ್ರಮಾಣ. ಅದನ್ನು ಶೇ. 83ರ ಪಕ್ಕ ಇಡುವುದು ತಪ್ಪು ಹೋಲಿಕೆ, ಶೇ. 95ರ ಪಕ್ಕ ಇಡಬೇಕು. ಇಂಪ್ಲಾಂಟಿಗೆ ತಿಂಗಳುಗಟ್ಟಲೆ ಸಮಯ ಬೇಕು, ಸುತ್ತಲಿನ ಮೂಳೆಗೆ ಸೋಂಕು ತಗಲುವುದೂ ಉಂಟು, ದವಡೆ ಬೆಳೆಯುತ್ತಿರುವ ವಯಸ್ಸಿನವರಿಗೆ ಹಾಕುವಂತಿಲ್ಲ. ಬ್ರಿಜ್‌ಗಾದರೆ ಅಕ್ಕಪಕ್ಕದ ಹಲ್ಲು ಕೊರೆಯಬೇಕು.

ಕೆಲವರಿಗೆ ಕೀಳಿಸುವುದೇ ಹೆಚ್ಚು ಅಪಾಯ. ಮೂಳೆ ಸವೆತಕ್ಕೆ ಅಥವಾ ಕ್ಯಾನ್ಸರಿಗೆ ಬಿಸ್ಫಾಸ್ಫೊನೇಟ್, ಡೆನೊಸುಮಾಬ್ ಬಗೆಯ ಔಷಧ ತೆಗೆದುಕೊಂಡವರಲ್ಲಿ, ದವಡೆಗೆ ವಿಕಿರಣ ಚಿಕಿತ್ಸೆ ಆದವರಲ್ಲಿ ಹಲ್ಲು ಕಿತ್ತ ಜಾಗದ ಮೂಳೆ ವಾಸಿಯಾಗದೆ ಸಾಯುವ ಭಯವಿದೆ. ಇಂಥವರಿಗೆ ಕ್ಯಾಪ್ ನಿಲ್ಲದ ಹಲ್ಲಾದರೂ ಸರಿ, ನಾಳ ಶುಚಿಗೊಳಿಸಿ ಮುಚ್ಚಿ ಬೇರನ್ನು ಅಲ್ಲೇ ಬಿಡುವುದು ಮೇಲು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಕೊಯ್ಯದ ಚಿಕಿತ್ಸೆ ಅನುಕೂಲ, ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಾಗಿಲ್ಲ; ಸ್ವಂತ ಬುದ್ಧಿಯಿಂದಂತೂ ನಿಲ್ಲಿಸಲೇಬೇಡಿ. ಕೃತಕ ಹೃದಯ ಕವಾಟ ಇರುವವರು, ಹಿಂದೆ ಹೃದಯದ ಒಳಪೊರೆಗೆ ಸೋಂಕಾದವರು ಅದನ್ನು ಮೊದಲೇ ಹೇಳಬೇಕು; ಬೇರಿನ ತುದಿ ಮುಟ್ಟುವ ಕೆಲಸಕ್ಕೆ ಮುಂಚೆ ಅವರಿಗೆ ಒಂದು ಡೋಸ್ ಆಂಟಿಬಯೋಟಿಕ್ ಬೇಕಾಗುತ್ತದೆ. ಮಧುಮೇಹ ಹತೋಟಿಯಲ್ಲಿಲ್ಲದಿದ್ದರೆ ಯಾವ ದಾರಿ ಹಿಡಿದರೂ ಮಾಯುವುದು ನಿಧಾನ.

ಮೊದಲ ವಾರ, ಮೊದಲ ವರ್ಷ

ಚಿಕಿತ್ಸೆಯ ನಂತರ ಎರಡು ಮೂರು ದಿನ ಕಚ್ಚಿದಾಗ ನೋವಿರುವುದು ಸಹಜ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಗರ್ಭಿಣಿ ಸ್ಥಿತಿ ಇಲ್ಲದವರಿಗೆ ಐಬುಪ್ರೊಫೆನ್ ಜೊತೆಗೆ ಪ್ಯಾರಸಿಟಮಾಲ್ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರಮಾಣ ವೈದ್ಯರಿಂದಲೇ ಕೇಳಿಕೊಳ್ಳಿ. ಬಾಯಿ ಮುಚ್ಚಿದಾಗ ಆ ಹಲ್ಲೇ ಮೊದಲು ತಾಗುತ್ತಿದ್ದರೆ ಫಿಲ್ಲಿಂಗ್ ಎತ್ತರವಾಗಿದೆ, ತಗ್ಗಿಸಿದರೆ ನೋವು ಬೇಗ ಇಳಿಯುತ್ತದೆ. ನೋವು ಇಳಿಯುವ ಬದಲು ಮೂರನೇ ದಿನ ಏರುತ್ತಿದ್ದರೆ ತೋರಿಸಿ. ನುಂಗಲು ಅಥವಾ ಉಸಿರಾಡಲು ಕಷ್ಟ, ಬಾಯಿ ತೆರೆಯಲಾಗದಿರುವುದು, ನಾಲಿಗೆಯಡಿ ಗಟ್ಟಿ ಬಾವು, ಕಣ್ಣು ಮುಚ್ಚುವಷ್ಟು ಮುಖ ಊದಿಕೊಳ್ಳುವುದು – ಇವು ಹಲ್ಲಿನ ಕ್ಲಿನಿಕ್ಕಿಗೆ ಕಾಯುವ ಲಕ್ಷಣಗಳಲ್ಲ, ರಾತ್ರಿಯಾದರೂ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.

ನೋವು ಹೋದದ್ದು ವಾಸಿಯಾದದ್ದಕ್ಕೆ ಸಾಕ್ಷಿಯಲ್ಲ. ಬೇರಿನ ತುದಿಯ ಸೋಂಕು ವರ್ಷಗಟ್ಟಲೆ ಸದ್ದಿಲ್ಲದೆ ಇರಬಲ್ಲದು. ಒಂದು ವರ್ಷಕ್ಕೆ ಎಕ್ಸ್‌ರೇ ತೆಗೆಸಿ ಮೊದಲಿನದರ ಜೊತೆ ಇಟ್ಟು ನೋಡಬೇಕು. ಅದಕ್ಕಾಗಿ ಹಳೆಯ ಪ್ರತಿ ನಿಮ್ಮ ಬಳಿ ಇರಲಿ. ನೆರಳು ಚಿಕ್ಕದಾಗಿದ್ದು ಇನ್ನೂ ಪೂರ್ತಿ ಮಾಯವಾಗಿಲ್ಲದಿದ್ದರೆ, ಹಲ್ಲಿಗೆ ಏನೂ ತೊಂದರೆ ಇಲ್ಲದಿದ್ದರೆ, ಕಾದು ನೋಡುವುದೇ ಸರಿಯಾದ ಆಯ್ಕೆ; ಯುರೋಪಿನ ಎಂಡೊಡಾಂಟಿಕ್ (ಬೇರಿನ ನಾಳದ ಚಿಕಿತ್ಸೆಯ) ಸಂಘ ನಾಲ್ಕು ವರ್ಷದವರೆಗೆ ಸಮಯ ಕೊಡುತ್ತದೆ. ದೊಡ್ಡ ನೆರಳು ಮಾಯ್ದ ಜಾಗದಲ್ಲಿ ಕಲೆಯಂಥ ಅಂಗಾಂಶ ಉಳಿದು ಸಣ್ಣ ಕಪ್ಪು ಹಾಗೇ ಇರುವುದೂ ಉಂಟು. ಬೆಳೆಯದಿದ್ದರೆ ಅದಕ್ಕೆ ಚಿಕಿತ್ಸೆ ಬೇಡ. ನೆರಳು ದೊಡ್ಡದಾಗಿದ್ದರೆ, ಹೊಸದಾಗಿ ಮೂಡಿದ್ದರೆ, ವಸಡಿನ ಗುಳ್ಳೆ ಮರಳಿ ಬಂದಿದ್ದರೆ ಕಾಯುವುದರಲ್ಲಿ ಲಾಭವಿಲ್ಲ. ಆಗ ಮೊದಲು ವಸಡಿನ ಆಳ ಅಳೆಸಿ ಸೀಳು ಇಲ್ಲವೆಂದು ಖಚಿತಪಡಿಸಿಕೊಂಡು, ನಾಳಕ್ಕೆ ಮೇಲಿನಿಂದ ದಾರಿ ಉಂಟೇ ಎಂದು ಈ ಚಿಕಿತ್ಸೆಯ ತಜ್ಞರಾದ ಎಂಡೊಡಾಂಟಿಸ್ಟ್ ಬಳಿ ಕೇಳಿ. ಇದೆ ಎಂದರೆ ಮರುಚಿಕಿತ್ಸೆ, ಇಲ್ಲವೆಂದರೆ ಸರ್ಜರಿ.